57ನೇ ವಿಧಿ: ಹಾಸಿಗೆಯ ಪಕ್ಕದಲ್ಲಿ ಕೂತು ಓದಿದ್ದು

ಕೆನ್ಯಾದ ಈಗಿನ ಸಂವಿಧಾನ 2010ರ ಆಗಸ್ಟ್ 27ರಂದು ನೈರೋಬಿಯ ಉಹುರು ಪಾರ್ಕಿನಲ್ಲಿ ಜಾರಿಗೆ ಬಂತು. ಅದರ 57ನೇ ವಿಧಿ ಹಿರಿಯರಿಗೆ ಸಂಬಂಧಿಸಿದ್ದು. ಒಂದೇ ವಾಕ್ಯ, ಅದಕ್ಕೆ ನಾಲ್ಕು ಉಪವಿಧಿ. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಮನೆಯಲ್ಲಿದ್ದ ಅತ್ತೆಗೆ ಪಾರ್ಶ್ವವಾಯು ಬಡಿದು, ನಾಲ್ಕು ತಿಂಗಳು ಒಂದು ಆರೈಕೆ ಮನೆಯಲ್ಲಿ ಇರಿಸಬೇಕಾಗಿ ಬಂದಾಗ ನಾನು ಈ ವಿಧಿಯನ್ನು ಹಿಡಿದು ಕೂತೆ. ನರ್ಸಿಂಗ್ ಹೋಂ ಎಂಬ ಮಾತು ಇದರಲ್ಲಿ ಎಲ್ಲೂ ಇಲ್ಲ. ಆದರೂ ಅಂಥ ಮನೆಯನ್ನು ತೂಗಿ ನೋಡಲು ಇದಕ್ಕಿಂತ ನಂಬಬಹುದಾದ ತಕ್ಕಡಿ ನನಗೆ ಸಿಗಲಿಲ್ಲ. ಸಾಲುಗಳನ್ನು ನನ್ನ ಕನ್ನಡದಲ್ಲಿ ಕೊಟ್ಟು, ಒಂದೊಂದರ ಕೆಳಗೂ ಅರ್ಥ ಬರೆಯುತ್ತಿದ್ದೇನೆ.

ಹಿರಿಯರಿಗೆ ಈ ಹಕ್ಕುಗಳು ದಕ್ಕುವಂತೆ ಪ್ರಭುತ್ವವು ಕ್ರಮ ಕೈಗೊಳ್ಳತಕ್ಕದ್ದು

‘ಹಿರಿಯರು’ ಎಂದರೆ ಯಾರು? 260ನೇ ವಿಧಿಯ ಪ್ರಕಾರ ಅರವತ್ತು ದಾಟಿದವರು. 2019ರ ಜನಗಣತಿಯಲ್ಲಿ ಈ ವಯಸ್ಸಿನವರು ಸುಮಾರು 27 ಲಕ್ಷ. ‘ತಕ್ಕದ್ದು’ ಎಂದ ಮೇಲೆ ಇದು ಕರುಣೆಯಲ್ಲ, ಕಟ್ಟುಪಾಡು.

‘ಪ್ರಭುತ್ವ’ ಎಂಬ ಮಾತು ನೋಡಿ, ಖಾಸಗಿ ಮನೆ ನಡೆಸುವವರಿಗೆ ಇದು ಅಂಟುವುದಿಲ್ಲ ಎಂದು ಕೈಬಿಡುವವರಿದ್ದಾರೆ. ಅದು ಸರಿಯಲ್ಲ. ಹಕ್ಕುಗಳ ಅಧ್ಯಾಯವು ಸರ್ಕಾರದ ಅಂಗಗಳನ್ನಷ್ಟೇ ಅಲ್ಲ, ಎಲ್ಲ ವ್ಯಕ್ತಿಗಳನ್ನೂ ಬಂಧಿಸುತ್ತದೆ ಎಂದು 20ನೇ ವಿಧಿ ಹೇಳುತ್ತದೆ. ಹಣ ಕೊಟ್ಟು ಪಡೆಯುವ ಸೇವೆ ಯುಕ್ತ ಗುಣಮಟ್ಟದ್ದಾಗಿರಬೇಕೆಂದು 46ನೇ ವಿಧಿ ಹೇಳುತ್ತದೆ, ಖಾಸಗಿಯವರನ್ನೂ ಸೇರಿಸಿಕೊಂಡು. ಕಸರಾನಿಯಲ್ಲಿ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸನ್ಯಾಸಿನಿಯರು ನಡೆಸುವ ನ್ಯುಂಬಾ ಯಾ ವಝೇ ಇರಲಿ, ನೈರೋಬಿ ಕೌಂಟಿಯ ಮ್ಜಿ ವಾ ಹುರುಮಾ ಇರಲಿ, ತಿಂಗಳಿಗಿಷ್ಟು ಎಂದು ಶುಲ್ಕ ಪಡೆಯುವ ಬಂಗಲೆ ಇರಲಿ, ಎಲ್ಲಕ್ಕೂ ಒಂದೇ ಸಾಲು. ಮೊದಲಿನ ಹೆಸರಿಗೆ ‘ವಯಸ್ಸಾದವರ ಮನೆ’ ಎಂದು ಅರ್ಥ, ಎರಡನೆಯದಕ್ಕೆ ‘ಕರುಣೆಯ ಊರು’ ಎಂದು.

(ಎ) ಸಮಾಜದ ವ್ಯವಹಾರಗಳಲ್ಲಿ ಪೂರ್ಣವಾಗಿ ಪಾಲ್ಗೊಳ್ಳುವ ಹಕ್ಕು

ಇಲ್ಲಿ ನಾನು ಬಹಳ ಹೊತ್ತು ನಿಂತೆ. ಆರೈಕೆಯ ಮಾತು ಬರುವುದು ನಾಲ್ಕನೆಯದಾಗಿ. ಮೊದಲು ಬರುವುದು ಪಾಲ್ಗೊಳ್ಳುವಿಕೆ. ನಾವು, ಮನೆಯವರು, ತಲೆಕೆಳಗಾಗಿ ಓದುತ್ತೇವೆ. ಊಟ ಹೇಗಿದೆ, ಹಾಸಿಗೆ ಶುಚಿಯಾಗಿದೆಯೇ, ಡಾಕ್ಟರ್ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಇಷ್ಟು ಕೇಳಿ ಮುಂಗಡ ಕಟ್ಟಿ ಬರುತ್ತೇವೆ. ಒಳಗೆ ಬಿಟ್ಟು ಬಂದದ್ದು ಒಬ್ಬ ಮನುಷ್ಯರನ್ನು ಎಂಬುದು ಆ ಪ್ರಶ್ನೆಗಳಲ್ಲಿ ಎಲ್ಲೂ ಕಾಣುವುದಿಲ್ಲ.

‘ವ್ಯವಹಾರ’ ಎಂದರೆ ದೊಡ್ಡ ಸಭೆ ಸಮಾರಂಭಗಳೇ ಆಗಬೇಕಿಲ್ಲ. ನೈರೋಬಿಯಲ್ಲಿ ಇದನ್ನು ಪರೀಕ್ಷಿಸುವ ಅತಿ ಸರಳ ದಾರಿ ಮೂರು ವಸ್ತುಗಳನ್ನು ಹುಡುಕುವುದು: ಗುರುತಿನ ಚೀಟಿ, ಫೋನು, ಎಂ-ಪೆಸಾ ಪಿನ್. 2007ರಲ್ಲಿ ಸಫಾರಿಕಾಮ್ ಕಂಪನಿ ಫೋನಿನಲ್ಲೇ ಹಣ ಕಳಿಸುವ ಎಂ-ಪೆಸಾ ಸೇವೆ ಶುರುಮಾಡಿದ ಮೇಲೆ ಈ ದೇಶದಲ್ಲಿ ದುಡ್ಡು ಎಂದರೆ ಫೋನು. ಅಜ್ಜಿಯ ಫೋನು ಆಫೀಸಿನ ಡ್ರಾಯರಿನಲ್ಲಿ ಬೀಗದೊಳಗಿದ್ದರೆ, ಮೊಮ್ಮಗನಿಗೆ ಐವತ್ತು ಶಿಲ್ಲಿಂಗ್ ಕಳಿಸುವ ಸಣ್ಣ ಸಂತೋಷವೂ ಬೀಗದೊಳಗೆ. ಪಿನ್ ಬೇರೆಯವರಿಗೆ ಗೊತ್ತಿದ್ದರೆ ಕೆಳಗಿನ (ಸಿ) ಉಪವಿಧಿಯ ಮಾತು ಆಗಲೇ ಶುರುವಾಯಿತು. ಗುರುತಿನ ಚೀಟಿ ಇಲ್ಲದೆ ಮತವಿಲ್ಲ. ಚುನಾವಣೆಯ ದಿನ ಮತಗಟ್ಟೆಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಿದರೆ ಮೇಲ್ವಿಚಾರಕರ ಮುಖದಲ್ಲೇ ಉತ್ತರ ಕಾಣುತ್ತದೆ.

‘ಪೂರ್ಣವಾಗಿ’ ಎಂಬ ಮಾತಿಗೆ ನನ್ನ ಮಟ್ಟಿಗೆ ಬೇರೆಯೇ ಅರ್ಥ ಹುಟ್ಟಿತು. ಪಾರ್ಶ್ವವಾಯುವಿನ ನಂತರ ಅತ್ತೆ ಇಂಗ್ಲಿಷನ್ನು ಕಳೆದುಕೊಂಡರು. ಉಳಿದದ್ದು ಕನ್ನಡ, ಅದೂ ತುಂಡು ತುಂಡಾಗಿ. ಆರೈಕೆ ಮಾಡುವ ಹುಡುಗಿಯರದು ಸ್ವಾಹಿಲಿ, ಕಿಕುಯು. ಭಾಷೆ ಇಲ್ಲದ ಕಡೆ ಪಾಲ್ಗೊಳ್ಳುವುದು ಹೇಗೆ? ರಾತ್ರಿ ಪಾಳಿಯ ಒಬ್ಬಾಕೆ ತಾನಾಗಿ ನನ್ನನ್ನು ಕೇಳಿ ಮೂರು ಮಾತು ಕಲಿತಳು: ನೀರು, ನೋವು, ಸಾಕು. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಆ ಮನೆಯ ಬಗ್ಗೆ ನನಗೆ ದೂರುಗಳಿದ್ದವು, ಮುಂದೆ ಹೇಳುತ್ತೇನೆ. ಆದರೆ ‘ಸಾಕು’ ಎಂಬ ಮಾತು ಅರ್ಥವಾಗುವ ಒಬ್ಬಳಾದರೂ ಅಲ್ಲಿದ್ದಳು. ಸಾಕು ಎಂದಾಗ ನಿಲ್ಲುವ ಚಮಚ, ನನ್ನ ಲೆಕ್ಕದಲ್ಲಿ, ಗೋಡೆಗೆ ತೂಗುಹಾಕಿದ ಪರವಾನಗಿಗಿಂತ ದೊಡ್ಡ ಪ್ರಮಾಣಪತ್ರ.

(ಬಿ) ತಮ್ಮ ವೈಯಕ್ತಿಕ ಬೆಳವಣಿಗೆಯನ್ನು ಅರಸುವ ಹಕ್ಕು

ಎಂಬತ್ತರಲ್ಲಿ ಬೆಳವಣಿಗೆ ಏನು ಬಂತು ಎಂದು ಹಲವರು ಈ ಸಾಲನ್ನು ದಾಟಿಹೋಗುತ್ತಾರೆ. ಬಲಗೈ ಸೋತವರು ಎಡಗೈಯಲ್ಲಿ ಲೋಟ ಹಿಡಿಯಲು ಕಲಿಯುವುದೇ ಬೆಳವಣಿಗೆ. ಲೋಟವನ್ನು ನಾವೇ ಅವರ ಬಾಯಿಗೆ ಹಿಡಿದರೆ ಎರಡು ನಿಮಿಷ ಉಳಿಯುತ್ತದೆ ಎಂದುಕೊಳ್ಳುವ ಆರೈಕೆಯವರು ಆ ಕಲಿಕೆಯನ್ನು ಕಿತ್ತುಕೊಳ್ಳುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಟಿವಿಯ ಮುಂದೆ ಸಾಲಾಗಿ ಕೂರಿಸಿದ್ದಾರೆಯೇ, ಅಥವಾ ಯಾರಾದರೂ ಗಿಥೇರಿ ಎಂಬ ಇಲ್ಲಿಯ ಅಡುಗೆಗೆ ಬೇಕಾದ ಕಾಳು ಆರಿಸುತ್ತಿದ್ದಾರೆಯೇ?

(ಸಿ) ಘನತೆಯಿಂದ, ಗೌರವದಿಂದ ಬಾಳುವ ಮತ್ತು ದೌರ್ಜನ್ಯದಿಂದ ಮುಕ್ತರಾಗಿರುವ ಹಕ್ಕು

ಕೆನ್ಯಾದಲ್ಲಿ ‘ಮ್ಝೇ’ ಎಂಬುದು ಬರೀ ಮುದುಕ ಎಂಬ ಅರ್ಥದ ಮಾತಲ್ಲ. ದೇಶದ ಮೊದಲ ಅಧ್ಯಕ್ಷ ಜೋಮೋ ಕೆನ್ಯಾಟಾ ಅವರನ್ನು ಜನ ಕರೆದದ್ದೇ ಹಾಗೆ. ಅಜ್ಜಿಯರಿಗೆ ‘ಶೋಶೋ’. ಮಾತಿನಲ್ಲಿ ಗೌರವ ತುಂಬಿರುವ ನಾಡಿನಲ್ಲಿ ಗೌರವವನ್ನು ಅಳೆಯುವುದು ಕಷ್ಟ. ಶೋಶೋ ಎಂದು ಕರೆಯುತ್ತಲೇ ಪರದೆ ಎಳೆಯದೆ ಬಟ್ಟೆ ಬದಲಿಸಬಹುದು. ಹಾಗಾಗಿ ಕಿವಿಗಿಂತ ಕಣ್ಣನ್ನು, ಕಣ್ಣಿಗಿಂತ ಕೈಯನ್ನು ನಂಬಬೇಕು.

ಕೈಯನ್ನು ನಂಬಬೇಕು ಎಂದದ್ದು ಅಕ್ಷರಶಃ. ಮಲಗಿದಲ್ಲೇ ಇರುವವರಿಗೆ ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಮೇಲೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಒತ್ತಡ ಬಿದ್ದ ಕಡೆ ರಕ್ತ ಹರಿಯದೆ ಚರ್ಮ ಸಾಯುವುದರಿಂದ ಹೀಗಾಗುತ್ತದೆ. ಮಗ್ಗುಲು ಬದಲಿಸುವುದು, ಚರ್ಮ ಒಣಗಿರುವಂತೆ ನೋಡಿಕೊಳ್ಳುವುದು, ಹೊಟ್ಟೆ ತುಂಬ ಊಟ, ಇವು ಇದ್ದರೆ ಬಹುಪಾಲು ಹುಣ್ಣು ತಪ್ಪುತ್ತದೆ. ಆದ್ದರಿಂದಲೇ ಆರೈಕೆ ಬಲ್ಲವರು ಮೊದಲು ನೋಡುವುದು ಬೆನ್ನನ್ನು. ಮೊದಲ ಲಕ್ಷಣ, ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಎಂದು ಪುಸ್ತಕಗಳು ಹೇಳುತ್ತವೆ. ಬಿಳಿ ಚರ್ಮವನ್ನು ಮನಸ್ಸಿನಲ್ಲಿಟ್ಟು ಬರೆದ ಮಾತು ಅದು. ಕಪ್ಪು ಚರ್ಮದಲ್ಲಿ, ನಮ್ಮ ಎಣ್ಣೆಗಪ್ಪಿನಲ್ಲೂ, ಆ ಕೆಂಪು ಕಾಣದೆ ಹೋಗಬಹುದು. ಅಂಗೈ ಇಟ್ಟು ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ, ನೇರಳೆ ಬಣ್ಣಕ್ಕೆ ತಿರುಗಿದೆಯೇ, ಮುಟ್ಟಿದರೆ ನೋವೆನ್ನುತ್ತಾರೆಯೇ. ನೈರೋಬಿಯ ಆರೈಕೆ ಮನೆಯಲ್ಲಿ ಇದನ್ನು ಕಲಿಸಿದ್ದಾರೋ ಇಲ್ಲವೋ ಎಂಬ ಒಂದೇ ಪ್ರಶ್ನೆ ನೂರು ಪ್ರಶ್ನೆಗಳಿಗೆ ಸಮ.

‘ದೌರ್ಜನ್ಯ’ ಎಂದರೆ ಹೊಡೆತ ಮಾತ್ರವಲ್ಲ. ಕುರ್ಚಿಗೆ ಬಟ್ಟೆಯಿಂದ ಕಟ್ಟುವುದು, ರಾತ್ರಿ ಗಲಾಟೆ ಮಾಡುತ್ತಾರೆಂದು ನಿದ್ದೆ ಮಾತ್ರೆ ಕೊಡುವುದು, ಗಂಟೆ ಕೈಗೆಟಕದಂತೆ ಇಡುವುದು ಎಲ್ಲವೂ ಇದರೊಳಗೆ. ಇದೇ ನಗರದ ಕೊರೊಗೊಚೊ ಕೊಳೆಗೇರಿಯಲ್ಲಿ, ಅತ್ಯಾಚಾರಕ್ಕೆ ಹೆದರಿ, ಅಜ್ಜಿಯರು ಗುಂಪು ಕಟ್ಟಿಕೊಂಡು ಕೈಕಾಲು ಬೀಸಿ ಆತ್ಮರಕ್ಷಣೆ ಕಲಿತಿದ್ದಾರೆ. ‘ಶೋಶೋ ಜಿಕಿಂಗೆ’, ಅಜ್ಜಿ, ನಿನ್ನನ್ನು ನೀನು ಕಾಪಾಡಿಕೋ. ಅವರ ಧೈರ್ಯಕ್ಕೆ ನನ್ನ ತಲೆ ಬಾಗುತ್ತದೆ. ಕೈಕಾಲೇ ಆಡದೆ ಮಲಗಿದವರು ಏನು ಮಾಡಬೇಕು ಎಂಬುದಕ್ಕಾಗಿಯೇ ಈ ಸಾಲು ಇರುವುದು.

(ಡಿ) ತಮ್ಮ ಕುಟುಂಬದಿಂದಲೂ ಪ್ರಭುತ್ವದಿಂದಲೂ ಯುಕ್ತ ಆರೈಕೆ ಮತ್ತು ನೆರವು ಪಡೆಯುವ ಹಕ್ಕು

‘ಯುಕ್ತ’ ಎಂಬುದನ್ನು ಅಳೆಯುವುದು ಹೇಗೆ? ಅವೆಡಿಸ್ ಡೊನಾಬೇಡಿಯನ್ ಎಂಬ ವೈದ್ಯರು 1966ರಲ್ಲಿ ಹಾಕಿಕೊಟ್ಟ ದಾರಿಯನ್ನೇ ಇಂದಿಗೂ ಜಗತ್ತು ಹಿಡಿದಿದೆ: ಏನೇನು ಇದೆ, ಏನೇನು ಮಾಡುತ್ತಾರೆ, ಅದರಿಂದ ಏನಾಯಿತು. ನಮಗೆ ಸುತ್ತಾಡಿಸಿ ತೋರಿಸುವುದು ಮೊದಲಿನದನ್ನು ಮಾತ್ರ.

ಆ ಮೊದಲಿನದರಲ್ಲೂ ಈ ಊರಿಗೆ ತಕ್ಕ ಪ್ರಶ್ನೆ ಕೇಳಬೇಕು. ನಲ್ಲಿಯಲ್ಲಿ ದಿನವೂ ನೀರು ಬಾರದ ಬಡಾವಣೆಗಳಿವೆ. ಹಾಗಾದರೆ ಟ್ಯಾಂಕು ಎಷ್ಟು ದೊಡ್ಡದು? ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದ ನಗರ ಇದು. ಜುಲೈ ತಿಂಗಳಲ್ಲಿ ಮೂಳೆ ಕೊರೆಯುವ ಚಳಿ. ಆಗ ಸ್ನಾನಕ್ಕೆ ಬಿಸಿನೀರು, ಹೊದೆಯಲು ಎರಡನೆಯ ಕಂಬಳಿ ಉಂಟೋ? ರಾತ್ರಿ ಎರಡು ಗಂಟೆಗೆ ಎಷ್ಟು ಜನಕ್ಕೆ ಎಷ್ಟು ಜನ ಎಚ್ಚರವಿರುತ್ತಾರೆ?

ಊಟದ ವಿಷಯ. ಇಲ್ಲಿಯ ಉಜಿ ಎಂದರೆ ನಮ್ಮ ಗಂಜಿ. ವಿಂಬಿ ಹಿಟ್ಟಿನದಾದರೆ ಅಪ್ಪಟ ರಾಗಿ ಗಂಜಿ; ರಾಗಿ ನಮ್ಮ ಕಡೆಗೆ ಬಂದದ್ದೇ ಈ ಪೂರ್ವ ಆಫ್ರಿಕಾದಿಂದ. ಅತ್ತೆಯ ಬಾಯಿಗೆ ಅದು ತವರಿನ ರುಚಿ. ಪಾರ್ಶ್ವವಾಯು ಆದವರಿಗೆ ತೆಳ್ಳನೆಯ ದ್ರವ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಗಂಜಿ ಎಷ್ಟು ಮಂದ ಇರಬೇಕೆಂಬುದನ್ನು ಬಲ್ಲವರು ಹೇಳಬೇಕು. ನೆಟ್ಟಗೆ ಕೂರಿಸಿ, ಒಂದು ಗುಟುಕು ಇಳಿದ ಮೇಲೆ ಇನ್ನೊಂದು.

ನನ್ನ ದೂರು ಇಲ್ಲಿಯದು. ಚಾರ್ಟಿನಲ್ಲಿ ದಿನವೂ ‘ಪೂರ್ತಿ ಊಟ ಮಾಡಿದರು’ ಎಂದಿರುತ್ತಿತ್ತು. ಆದರೆ ಅತ್ತೆಯ ಮುಂಗೈಯಲ್ಲಿದ್ದ ಹಸಿರು ಗಾಜಿನ ಬಳೆ ಮೊಣಕೈವರೆಗೆ ಜಾರತೊಡಗಿತು. ತೂಕ ಹಾಕಿ ಎಂದು ಹಟ ಹಿಡಿದೆ. ಸೇರಿಸಿದಾಗ 52 ಕಿಲೋ, ಮೂರು ತಿಂಗಳಿಗೆ 48. ಒಂದು ತಿಂಗಳಲ್ಲಿ ನೂರಕ್ಕೆ ಐದು, ಮೂರು ತಿಂಗಳಲ್ಲಿ ಏಳೂವರೆ ಪಾಲು ತೂಕ ಇಳಿದರೆ ಅದು ಎಚ್ಚರಿಕೆಯ ಗಂಟೆ. ಅದನ್ನು ಬಾರಿಸಿದ್ದು ದಾಖಲೆಯಲ್ಲ, ಬಳೆ. ಹಕ್ಕಿನ ರಕ್ಷಣೆಗೆ ಬೇಕಾದ ಮಾಹಿತಿಯನ್ನು ಬೇರೊಬ್ಬ ವ್ಯಕ್ತಿಯಿಂದಲೂ ಪಡೆಯುವ ಅವಕಾಶ 35ನೇ ವಿಧಿಯಲ್ಲಿದೆ. ಅದು ಮೊದಲೇ ಗೊತ್ತಿದ್ದರೆ ಚಾರ್ಟನ್ನು ಮೊದಲ ವಾರವೇ ಕೇಳಿ ಓದುತ್ತಿದ್ದೆ, ತಟ್ಟೆಯ ಪಕ್ಕದಲ್ಲಿಟ್ಟು.

‘ಕುಟುಂಬದಿಂದಲೂ’ ಎಂದು ಮೊದಲು ಬರೆದು, ಆಮೇಲೆ ‘ಪ್ರಭುತ್ವದಿಂದಲೂ’ ಎಂದಿದ್ದಾರೆ. ಭಾರತದ 2007ರ ಪಾಲಕರ ಪೋಷಣೆ ಕಾಯ್ದೆಯಲ್ಲೂ ಮಕ್ಕಳ ಮೇಲಿನ ಹೊಣೆಯೇ ಮುಂದೆ ಬರುತ್ತದೆ. ಜೊತೆಗೆ ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮದ ಮಾತೂ ಉಂಟು. ಕೆನ್ಯಾದ ಸರ್ಕಾರ ಇನುವಾ ಜಮೀ ಯೋಜನೆಯಲ್ಲಿ ಎಪ್ಪತ್ತು ದಾಟಿದವರಿಗೆ ತಿಂಗಳಿಗೆ 2,000 ಶಿಲ್ಲಿಂಗ್ ಕೊಡುತ್ತದೆ. ದಿನಕ್ಕೆ 67 ಶಿಲ್ಲಿಂಗ್ ಕೂಡ ಬೀಳದು. ಮಲಗಿದಲ್ಲೇ ಇರುವ ಒಬ್ಬರಿಗೆ ಡಯಾಪರಿಗೂ ಅದು ಸಾಲದು.

ಕುಟುಂಬದ ಆರೈಕೆ ಎಂದರೆ ಶುಲ್ಕ ಕಟ್ಟುವುದು ಎಂದುಕೊಂಡವರಲ್ಲಿ ನಾನೂ ಒಬ್ಬಳಾಗಿದ್ದೆ. ಭಾನುವಾರ ಹತ್ತು ಗಂಟೆಗೆ, ಹೇಳಿಯೇ ಹೋಗುತ್ತಿದ್ದೆ. ಬಳೆ ಜಾರಿದ ಮೇಲೆ ಸಂಜೆ ಊಟದ ಹೊತ್ತಿಗೆ, ಹೇಳದೆ ಹೋಗತೊಡಗಿದೆ. ಅತ್ತೆಯ ಪಕ್ಕದ ಹಾಸಿಗೆಯಲ್ಲಿ ಒಬ್ಬ ಶೋಶೋ ಇದ್ದರು. ಪರದೇಶದಲ್ಲಿರುವ ಮಗ ತಪ್ಪದೆ ಹಣ ಕಳಿಸುತ್ತಿದ್ದ, ನೋಡಲು ಮಾತ್ರ ಯಾರೂ ಬರುತ್ತಿರಲಿಲ್ಲ. ಅವರ ಕೈಯಲ್ಲಿ ಬಳೆ ಇರಲಿಲ್ಲ. ಒಂದು ಸಂಜೆ ಅತ್ತೆಯ ಬೆನ್ನು ಮುಟ್ಟಿ ನೋಡಿದ ಮೇಲೆ, ನರ್ಸನ್ನು ಕರೆದು, ಆ ಶೋಶೋ ಅವರ ಒಪ್ಪಿಗೆ ಕೇಳಿ, ಅವರ ಬೆನ್ನಿಗೂ ಅಂಗೈ ಇಟ್ಟೆವು. ಎಡ ಸೊಂಟದ ಮೇಲೆ ಒಂದು ರೂಪಾಯಿಯಗಲ ಜಾಗ ಬಿಸಿಯಾಗಿತ್ತು. ನರ್ಸ್ ಅವರನ್ನು ಬಲಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಗಡಿಯಾರ ನೋಡಿ ಚಾರ್ಟಿನಲ್ಲಿ ಬರೆದಳು: ಸಂಜೆ 6.40.