ಉತ್ತರಕುಮಾರನ ನಡುಕ

“ಉತ್ತರನ ಪೌರುಷ ಒಲೆಯ ಮುಂದೆ” ಎಂಬ ಗಾದೆಯನ್ನರಿಯದ ಕನ್ನಡಿಗರು ವಿರಳರು. ಗದುಗಿನ ಕುಮಾರವ್ಯಾಸನ ವಿರಾಟಪರ್ವವನ್ನು ಗಮಕಿಗಳು ವಾಚಿಸುವಾಗ, ಸ್ತ್ರೀಯರ ಮುಂದೆ ಬಡಾಯಿ ಕೊಚ್ಚಿದ ರಾಜಪುತ್ರನು ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಸಂದರ್ಭದಲ್ಲಿ ಸಭೆಯು ನಗದೆ ಇದ್ದುದನ್ನು ನಾನು ಕಾಣೆನು. ಈ ನಗೆಯು ಎಲ್ಲಿಯವರೆಗೆ ನ್ಯಾಯವಾದುದು, ಎಲ್ಲಿಂದ ಮುಂದೆ ಅನ್ಯಾಯವಾದುದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ನನ್ನ ತಪ್ಪನ್ನೊಪ್ಪಿಕೊಳ್ಳುವುದು ಉಚಿತವು. ಈ ಕಥಾಭಾಗವನ್ನು ಮೂವತ್ತು ವರ್ಷಗಳ ಕಾಲ ಪಾಠ ಹೇಳಿದೆನು. ಒಮ್ಮೆ ಪದ್ಯವನ್ನೊಪ್ಪಿಸಲು ಎದ್ದುನಿಂತ ಹುಡುಗನೊಬ್ಬನು ಬೆವತು, ಮೈ ನಡುಗಿ, ಉಸಿರು ಸಿಕ್ಕದವನಂತೆ ಎದೆಯನ್ನು ಹಿಡಿದುಕೊಂಡು ಹೊರಗೆ ಓಡಿದನು. “ಇವನೇ ನಮ್ಮ ಉತ್ತರಕುಮಾರ” ಎಂದೆನು. ತರಗತಿಯೆಲ್ಲ ನಕ್ಕಿತು. ಶಾಲೆಯನ್ನು ಬಿಡುವವರೆಗೂ ಆ ಹೆಸರು ಅವನನ್ನು ಬಿಡಲಿಲ್ಲ. ನಾನು ನಿವೃತ್ತನಾದ ಮೇಲೆ ಒಂದು ದಿನ, ಯಾವ ಕಾರಣವೂ ಇಲ್ಲದೆ, ಬಸ್ಸಿನಲ್ಲಿ ಕುಳಿತಿದ್ದಾಗ ಅದೆಲ್ಲವೂ ನನಗೇ ಉಂಟಾಯಿತು. ಪ್ರಾಣವು ಹೋಗುತ್ತಿದೆಯೆಂದೇ ತಿಳಿದೆನು. ವೈದ್ಯರು ಪರೀಕ್ಷಿಸಿ, ಹೃದಯವು ಸ್ವಸ್ಥವಾಗಿದೆಯೆಂದೂ ನನಗಾದುದು ಪ್ಯಾನಿಕ್ ಅಟ್ಯಾಕ್ ಎಂದೂ ಹೇಳಿದರು. ಮನೆಗೆ ಬಂದು ವಿರಾಟಪರ್ವವನ್ನು ಪುನಃ ತೆರೆದೆನು.

ವೈದ್ಯಶಾಸ್ತ್ರವು ಇದನ್ನು ಅರಿತ ಬಗೆಯು ಸ್ವಾರಸ್ಯವಾಗಿದೆ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಹೃದ್ರೋಗದ ಕುರುಹಿಲ್ಲದಿದ್ದರೂ ಎದೆ ಹೊಡೆದುಕೊಳ್ಳುವುದನ್ನೂ ಎದೆ ನೋಯುವುದನ್ನೂ ಕಂಡ ಡಾ ಕೋಸ್ಟ ಎಂಬ ವೈದ್ಯನು 1871ರಲ್ಲಿ ಅದನ್ನು ವರ್ಣಿಸಿ ಬರೆದನು. ಅಪಾಯವನ್ನು ಕಂಡ ದೇಹವು ಹೋರಾಟಕ್ಕೋ ಪಲಾಯನಕ್ಕೋ ಸಿದ್ಧವಾಗುವುದೆಂಬುದನ್ನು ಕ್ಯಾನನ್ ಪಂಡಿತನು 1915ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಹೃದಯವು ವೇಗವಾಗಿ ಬಡಿಯುವುದು, ಉಸಿರು ಹೆಚ್ಚುವುದು, ಬೆವರು ಹರಿಯುವುದು, ಇವೆಲ್ಲ ಆ ಸಿದ್ಧತೆಯೇ. ಉಸಿರಾಟವು ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಮೆಯಾಗಿ ತಲೆ ಸುತ್ತುವುದು, ಬೆರಳುಗಳು ಜುಮ್ಮೆನ್ನುವುವು. ಪ್ಯಾನಿಕ್ ಅಟ್ಯಾಕ್‌ನಲ್ಲಿ ಇದೆಲ್ಲವೂ ಶತ್ರುವೇ ಇಲ್ಲದೆ ನಡೆಯಬಹುದು. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಶಿಖರವನ್ನು ಮುಟ್ಟಿ ತಾನಾಗಿ ಇಳಿಯುವುದು. ಆದರೆ ರೋಗಿಯು ತನ್ನ ಎದೆಬಡಿತವನ್ನೇ ಮೃತ್ಯುವೆಂದು ತಿಳಿಯುವನು. ಈ ತಪ್ಪು ತಿಳಿವಳಿಕೆಯೇ ಭಯವನ್ನು ಬೆಳೆಸುವುದೆಂದು ಕ್ಲಾರ್ಕ್ ಎಂಬ ವಿದ್ವಾಂಸನು 1986ರಲ್ಲಿ ಪ್ರತಿಪಾದಿಸಿದನು. ನಮ್ಮವರು ಹಗ್ಗದಲ್ಲಿ ಹಾವನ್ನು ಕಂಡ ದೃಷ್ಟಾಂತವನ್ನು ಹೇಳುವುದಿಲ್ಲವೆ? ಇಲ್ಲಿ ಹಗ್ಗವು ಎದೆಯೊಳಗೇ ಇರುವುದು. ಆ ಬಳಿಕ ಭಯದ ಭಯವು ಹುಟ್ಟುವುದು. ಬಸ್ಸು ಬೇಡ, ಸಂತೆ ಬೇಡ, ತೇರು ಬೇಡ ಎಂದು ಮನುಷ್ಯನು ಮನೆಯಲ್ಲಿಯೇ ಸೆರೆಯಾಗುವನು.

ಇನ್ನು ಕಾವ್ಯಕ್ಕೆ ಬರೋಣ. ಭರತಮುನಿಯು ಹೇಳಿದ ಎಂಟು ಸಾತ್ತ್ವಿಕಭಾವಗಳಲ್ಲಿ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯಗಳು ಭಯದಲ್ಲಿ ಸ್ಪಷ್ಟವಾಗಿ ಕಾಣತಕ್ಕವು. ಲಕ್ಷಣವು ಇಷ್ಟು ಸೂಕ್ಷ್ಮವಾದುದು. ಆದರೆ ಭಯವು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸೇರಿದುದೆಂಬ ಮಾತನ್ನೂ ಅದೇ ಶಾಸ್ತ್ರವು ಹೇಳಿತು. ನಮ್ಮ ನಗೆಗೆ ಬೇರು ಇಲ್ಲಿದೆ.

ಈ ಮಾತನ್ನು ಮಹಾಭಾರತವೇ ನಿಲ್ಲಗೊಡುವುದಿಲ್ಲ. ವಿರಾಟನ ಮಗನನ್ನು ಹಿಡಿದು ನಿಲ್ಲಿಸಿದ ಬೃಹನ್ನಳೆಯೇ ಮುಂದೆ ಕುರುಕ್ಷೇತ್ರದಲ್ಲಿ ನಿಲ್ಲಲಾರದೆ ಹೋದನು. ಅವಯವಗಳು ಕುಸಿದುವು, ಬಾಯಿ ಒಣಗಿತು, ಮೈ ಕಂಪಿಸಿತು, ಚರ್ಮವು ಉರಿಯಿತು, ಗಾಂಡೀವವು ಕೈಯಿಂದ ಜಾರಿತು, ಮನಸ್ಸು ತಿರುಗಿತು. ಅದು ಬಂಧುಗಳ ಮೇಲಣ ಕೃಪೆಯಿಂದ ಬಂದುದು, ಪ್ರಾಣಭಯದಿಂದಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪತಕ್ಕದ್ದೇ. ಕಾರಣವು ಬೇರೆ, ಶರೀರದ ಮಾತು ಒಂದೇ. ಅರ್ಜುನನ ನಡುಕವು ಗೀತೆಯ ಮೊದಲನೆಯ ಅಧ್ಯಾಯವಾಯಿತು, ಉತ್ತರನ ನಡುಕವು ಗಾದೆಯಾಯಿತು! ನಡುಕವು ಹೇಡಿತನದ ಲಕ್ಷಣವಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣವು ಬೇಕೆ?

ಓಡುತ್ತಿದ್ದವನನ್ನು ಅರ್ಜುನನು ಹೇಗೆ ನಡೆಸಿಕೊಂಡನೆಂಬುದು ಅದಕ್ಕಿಂತಲೂ ಮುಖ್ಯವು. ಯುದ್ಧಮಾಡೆಂದು ಅವನನ್ನು ನೂಕಲಿಲ್ಲ, ಮನೆಗೆ ಹೋಗೆಂದು ಬಿಡಲೂ ಇಲ್ಲ. ಸಾರಥಿಯ ಕೆಲಸವನ್ನು ಕೊಟ್ಟನು. ವ್ಯಾಸಭಾರತದಲ್ಲಿ, ಶಮೀವೃಕ್ಷದ ಮೇಲಣ ಆಯುಧಗಳು ಸರ್ಪಗಳಂತೆ ತೋರಿ ಉತ್ತರನು ಪುನಃ ನಡುಗಿದಾಗ, ಅವು ಯಾರ ಯಾರ ಆಯುಧಗಳೆಂದು ಬಿಡಿಸಿ ಹೇಳಿದನು. ಶಂಖಧ್ವನಿಗೆ ಅವನು ಕುಸಿದು ಕುಳಿತಾಗ, ಕಾಲೂರಿ ನಿಲ್ಲು, ಕಡಿವಾಣವನ್ನು ಬಿಗಿಹಿಡಿ, ಮತ್ತೊಮ್ಮೆ ಊದುವೆನೆಂದು ಮೊದಲೇ ತಿಳಿಸಿದನು. ಭಯಪಡಿಸಿದ ವಸ್ತುವನ್ನು ಹೆಸರಿಸುವುದು, ಅದರ ಹತ್ತಿರಕ್ಕೆ ಮೆಲ್ಲಮೆಲ್ಲನೆ ಹೋಗುವುದು, ಜೊತೆಯಲ್ಲಿ ನಂಬಿಕೆಯವನೊಬ್ಬನಿರುವುದು: ಇಂದಿನ ಮನೋವೈದ್ಯರು ಅನುಸರಿಸುವ ಕ್ರಮವೂ ಬಹುಮಟ್ಟಿಗೆ ಇದೇ. ಅಗತ್ಯವಿದ್ದರೆ ಔಷಧವೂ ಉಂಟು. ಆದರೆ ಎದೆನೋವು ಮೊದಲ ಸಲ ಬಂದಾಗ ಭಯವೆಂದು ತಾನೇ ನಿರ್ಣಯಿಸದೆ ವೈದ್ಯರಿಗೆ ತೋರಿಸಲೇಬೇಕು.

ಹಾಗಾದರೆ ಕುಮಾರವ್ಯಾಸನ ಹಾಸ್ಯವು ದೋಷವೆ? ಅಲ್ಲ. ಬಡಾಯಿಗೆ ನಗುವುದು ನ್ಯಾಯವು; ಕವಿಯು ಅದಕ್ಕಾಗಿಯೇ ಆ ಬಡಾಯಿಯನ್ನು ಮೊದಲೇ ಮನದಣಿಯೆ ವರ್ಣಿಸಿರುವನು. ನಡುಕಕ್ಕೆ ನಗುವುದು ಅನ್ಯಾಯವು. ಕವಿಯು ಎರಡನ್ನೂ ಒಂದೇ ಪಾತ್ರದಲ್ಲಿಟ್ಟನು. ಅವನ್ನು ಬೇರ್ಪಡಿಸಿ ತೋರಿಸುವುದು ಉಪಾಧ್ಯಾಯನ ಕೆಲಸವಾಗಿತ್ತು, ನಾನದನ್ನು ಮಾಡಲಿಲ್ಲ. ಅಂದು ಹೊರಗೆ ಓಡಿದ ಹುಡುಗನು ಯಾವ ಬಡಾಯಿಯನ್ನೂ ಕೊಚ್ಚಿರಲಿಲ್ಲ. ಅವನ ಹಿಂದೆ ನಾಲ್ಕು ಹೆಜ್ಜೆ ಹೋಗಿ ಕೈ ಹಿಡಿಯಬೇಕಾಗಿದ್ದವನು ನಾನು. ವಾಚಕಮಹಾಶಯರ ಮನೆಗಳಲ್ಲಿ ಅಂಥವರಿದ್ದರೆ, ಗಾದೆಯನ್ನು ಬದಿಗಿಟ್ಟು ಅವರ ಪಕ್ಕದಲ್ಲಿ ಕುಳಿತುಕೊಳ್ಳಲಿ.