ತಿರುವೊಟ್ಟಿಯೂರಿನ ಐದು ಕೃತಿಗಳು ಮತ್ತು ಸಂಚಾರದ ಸಾಕ್ಷ್ಯ

ಸ್ವತಂತ್ರ ಗಾಯಕರ ಊರೂರ ಸಂಚಾರವನ್ನು ಛಾಯಾಚಿತ್ರ, ವಿಡಿಯೋಗಳಲ್ಲಿ ದಾಖಲಿಸುವ ವಾಡಿಕೆ ಇಂದು ಬಲವಾಗಿದೆ. ಅಂಥ ಚಿತ್ರಗಳಲ್ಲಿ ರಸ್ತೆಯುಂಟು, ವಾಹನವುಂಟು, ಚಪ್ಪಾಳೆಯುಂಟು. ಊರು ಹಾಡಿಗೆ ಕೊಟ್ಟದ್ದೇನೆಂಬುದು ಮಾತ್ರ ಅಪರೂಪ. ಈ ಕೊರತೆಯನ್ನು ಅಳೆಯಲು ತಿರುವೊಟ್ಟಿಯೂರು ತಕ್ಕ ಸ್ಥಳ.

ರಾಜಾಶ್ರಯವನ್ನು ಒಲ್ಲದ ತ್ಯಾಗರಾಜರು (1767–1847) ವೃದ್ಧಾಪ್ಯದ ಯಾತ್ರೆಯಲ್ಲಿ ಇಲ್ಲಿ ಶಿಷ್ಯ ವೀಣೆ ಕುಪ್ಪಯ್ಯರ್ ಅವರ ಅತಿಥಿಯಾಗಿದ್ದರು. ತ್ರಿಪುರಸುಂದರಿಯನ್ನು ಕುರಿತು ಐದು ಕೃತಿಗಳನ್ನು ರಚಿಸಿದರು. ಆರಭಿ, ಬೇಗಡೆ, ಕಲ್ಯಾಣಿ, ಸಾವೇರಿ, ಶುದ್ಧಸಾವೇರಿ: ರಾಗ ಐದು, ದೇವತೆ ಒಬ್ಬಳೇ. ಕಲ್ಯಾಣಿಯ ಕೃತಿಯಂತೂ ಆದಿಪುರಿಯೆಂದು ಊರನ್ನೂ ಶುಕ್ರವಾರವೆಂದು ದಿನವನ್ನೂ ಹೆಸರಿಸುತ್ತದೆ. ರಾಮನನ್ನೇ ಹೆಚ್ಚಾಗಿ ಹಾಡಿದ ಕಂಠವು ಈ ಸನ್ನಿಧಿಯಲ್ಲಿ ತಾಯಿಯತ್ತ ತಿರುಗಿದ್ದು ಯಾವ ಚಿತ್ರಕ್ಕೂ ಕಡಮೆಯಾದ ದಾಖಲೆಯಲ್ಲ.

ಆದರೆ ಕೃತಿ ಎಲ್ಲವನ್ನೂ ಹೇಳದು. ನಡೆದ ದಾರಿ, ಜೊತೆಯಾದವರು, ಉಂಡ ಮನೆ, ಇವುಗಳಿಗೆ ಶಿಷ್ಯರ ನೆನಪನ್ನೂ ವಾಲಾಜಾಪೇಟೆಯ ವೆಂಕಟರಮಣ ಭಾಗವತರ ಮನೆತನದ ಹಸ್ತಪ್ರತಿಗಳನ್ನೂ ಆಶ್ರಯಿಸಬೇಕು. ಕ್ಯಾಮೆರಾ ನಿಜವಾಗಿ ನೆರವಾಗಬಹುದಾದ ಎಡೆ ಇದೇ. ಅದೋ ವೇದಿಕೆಯನ್ನು ಬಿಟ್ಟು ಕದಲದು! ಕನ್ನಡಿಗರ ಪಾಡು ಇನ್ನೂ ಕಠಿನ: ತ್ಯಾಗರಾಜರೇ ವಂದಿಸಿದ ಪುರಂದರದಾಸರ ಸಂಚಾರವನ್ನು ಕೀರ್ತನೆಗಳ ಕ್ಷೇತ್ರನಾಮಗಳಿಂದಲೇ ಬಹುಮಟ್ಟಿಗೆ ಊಹಿಸಬೇಕಾಗಿದೆ.