ವೇಗಪಥದಲ್ಲಿ ಬ್ರೇಕಿನ ಪರೀಕ್ಷೆ

ನಿತ್ಯವೂ ಕಚೇರಿಗೂ ಮಾರುಕಟ್ಟೆಗೂ ಓಡಾಡುವ ಕಾರನ್ನೇ ರಜೆಯ ದಿನ ಓಟದ ಪಥಕ್ಕಿಳಿಸಿ, ಸ್ಪರ್ಧೆಯ ಹಂಗಿಲ್ಲದೆ ಅದರ ಸಾಮರ್ಥ್ಯದ ಎಲ್ಲೆಯನ್ನೂ ತನ್ನ ಸಾಮರ್ಥ್ಯದ ಎಲ್ಲೆಯನ್ನೂ ಅರಿಯಹೊರಡುವ ಹವ್ಯಾಸವು ನಮ್ಮ ದೇಶದಲ್ಲಿಯೂ ಬೇರೂರಿದೆ. ಶ್ರೀಪೆರುಂಬುದೂರಿನ ಬಳಿ 1990ರಲ್ಲಿ ಆರಂಭವಾದ ಮದರಾಸಿನ ಪಥಕ್ಕಾಗಲಿ ಕೊಯಮತ್ತೂರಿನ ಕರಿ ಪಥಕ್ಕಾಗಲಿ ‘ಟ್ರ್ಯಾಕ್ ಡೇ’ಗೆಂದು ಬೆಂಗಳೂರಿನಿಂದ ಹೊರಡುವವರೂ ಉಂಟು. ಈ ಹವ್ಯಾಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಹೆದ್ದಾರಿಯಲ್ಲಿ ಮೆರೆಸುವ ಶೌರ್ಯವನ್ನು ಬೇಲಿಯೊಳಗೆ ಮೆರೆಸುವುದು ಎಷ್ಟೋ ಮೇಲು. ಆದರೆ ಅದಕ್ಕಾಗಿ ನಡೆಯುವ ಸಿದ್ಧತೆಯಲ್ಲಿ, ವಿಶೇಷತಃ ಬ್ರೇಕಿನ ವಿಷಯದಲ್ಲಿ, ವಿವೇಕಕ್ಕಿಂತ ಅಲಂಕಾರಕ್ಕೇ ಹೆಚ್ಚಿನ ಮನ್ನಣೆ ಸಲ್ಲುತ್ತಿರುವುದು ವಿಮರ್ಶಾರ್ಹವಾದ ಸಂಗತಿ.

ಬ್ರೇಕು ಚಲನಶಕ್ತಿಯನ್ನು ಉಷ್ಣವನ್ನಾಗಿ ಪರಿವರ್ತಿಸುವ ಸಾಧನ. ಆ ಶಕ್ತಿಯು ವೇಗದ ವರ್ಗಕ್ಕನುಗುಣವಾಗಿ ಬೆಳೆಯುವುದರಿಂದ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರನ್ನು ಪೂರ್ತಿಯಾಗಿ ನಿಲ್ಲಿಸುವಾಗ ಹುಟ್ಟುವ ಶಾಖದ ಸುಮಾರು ಆರರಷ್ಟು, ಅದೇ ಕಾರನ್ನು 160ರಿಂದ 60ಕ್ಕೆ ಇಳಿಸುವಾಗ ಹುಟ್ಟುತ್ತದೆ. ಅದರ ಬಹುಭಾಗ ಮುಂದಿನ ಚಕ್ರಗಳ ಡಿಸ್ಕುಗಳ ಪಾಲಿಗೆ ಬರುತ್ತದೆ. ಊರಿನಲ್ಲಿ ಒಮ್ಮೆ ಬಿಸಿಯಾದ ಡಿಸ್ಕಿಗೆ ತಣಿಯಲು ಬಿಡುವುಂಟು. ಪಥದಲ್ಲಿಯಾದರೋ ಹಿಂದಿನ ತಿರುವಿನ ಶಾಖ ಆರುವ ಮೊದಲೇ ಮುಂದಿನ ತಿರುವು ಎದುರಾಗುತ್ತದೆ.

ಈ ಶಾಖ ಮಿತಿಮೀರಿದಾಗ ಬ್ರೇಕು ಎರಡು ಬಗೆಯಲ್ಲಿ ಕೈಕೊಡುವುದು. ಇವೆರಡರ ಭೇದವನ್ನು ಅರಿಯದೆ ಮಾಡುವ ಚಿಕಿತ್ಸೆ ವ್ಯರ್ಥ. ಪೆಡಲು ಗಟ್ಟಿಯಾಗಿಯೇ ಇದ್ದು, ಎಷ್ಟು ತುಳಿದರೂ ಕಾರು ನಿಧಾನಿಸದಿದ್ದರೆ, ಪ್ಯಾಡು ತನ್ನ ಸಹನೆಯ ಮಿತಿಯನ್ನು ದಾಟಿ ಘರ್ಷಣಶಕ್ತಿಯನ್ನು ಕಳೆದುಕೊಂಡಿದೆಯೆಂದು ತಿಳಿಯಬೇಕು. ಪೆಡಲೇ ಮೆತ್ತಗಾಗಿ ತಳಕ್ಕಿಳಿದರೆ ಕುದಿದಿರುವುದು ಬ್ರೇಕ್ ಆಯಿಲ್. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆದರೆ ಕುದಿದು ಹುಟ್ಟಿದ ಆವಿ ಕುಗ್ಗುತ್ತದೆಯಾದ್ದರಿಂದ ಕಾಲಿನ ಬಲವೆಲ್ಲ ಆ ಗುಳ್ಳೆಗಳಲ್ಲಿಯೇ ಲಯವಾಗುತ್ತದೆ. ಈ ಎರಡನೆಯ ವಿಪತ್ತು ಹೆಚ್ಚು ಭಯಾನಕ, ಏಕೆಂದರೆ ಅದು ಬಹುಮಟ್ಟಿಗೆ ಮುನ್ಸೂಚನೆ ಕೊಡದೆ ಬರುತ್ತದೆ. ಅದನ್ನು ತಡೆಯುವ ಉಪಾಯವೋ ಎಲ್ಲಕ್ಕಿಂತ ಅಗ್ಗವಾದುದು. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೀರಿನ ಅಂಶ ನೂರಕ್ಕೆ 3.7ರಷ್ಟಾದಾಗ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಓಟಕ್ಕೆಂದೇ ತಯಾರಾದ, 300 ಡಿಗ್ರಿ ಮೀರಿದರೂ ಕುದಿಯದ ದ್ರವಗಳು ದೊರೆಯುತ್ತವೆ. ಅವನ್ನು ತುಂಬಿಸಿ ಗಾಳಿ ತೆಗೆಸುವ ವೆಚ್ಚ ಒಂದು ಟಯರಿನ ಬೆಲೆಯನ್ನೂ ಮುಟ್ಟದು. ಹೀಗಿದ್ದೂ ವರ್ಷಗಟ್ಟಲೆ ಹಳತಾದ ಆಯಿಲನ್ನೇ ಹೊತ್ತುಕೊಂಡು ಪಥಕ್ಕಿಳಿಯುವವರ ಧೈರ್ಯವನ್ನು ಧೈರ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಬಹುಜನರು ಮೊದಲು ಕೊಳ್ಳುವ ವಸ್ತುಗಳೆಂದರೆ ರಂಧ್ರಗಳುಳ್ಳ ಡಿಸ್ಕು, ಕೆಂಪು ಬಣ್ಣದ ದೊಡ್ಡ ಕ್ಯಾಲಿಪರು. ತುಳಿದೊಡನೆ ಎಬಿಎಸ್ ಕೆಲಸಮಾಡುವಷ್ಟು ಬಲ ಕಾರಿನ ಮೂಲ ಬ್ರೇಕಿಗೇ ಇದ್ದಲ್ಲಿ, ಅಲ್ಲಿಂದಾಚೆಗೆ ನಿಲುಗಡೆಯ ದೂರವನ್ನು ನಿರ್ಣಯಿಸುವುದು ಟಯರಿನ ಹಿಡಿತವೇ ಹೊರತು ಕ್ಯಾಲಿಪರಿನ ಗಾತ್ರವಲ್ಲ. ದೊಡ್ಡ ಡಿಸ್ಕಿನ ನಿಜವಾದ ಪ್ರಯೋಜನ ಹೆಚ್ಚು ಶಾಖವನ್ನು ತಾಳಿ ಹೊರಹಾಕುವುದರಲ್ಲಿದೆ. ಭಾರವಾದ, ಬಲಿಷ್ಠವಾದ ಕಾರಿಗೆ ಅದು ಸಾರ್ಥಕವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ರಂಧ್ರಗಳಾದರೋ ಸತತವಾದ ತಾಪದಲ್ಲಿ ಬಿರುಕಿನ ಮೂಲವಾಗುವುದುಂಟು. ಪ್ಯಾಡಿನ ಆಯ್ಕೆಯಲ್ಲಿಯೂ ಅತ್ಯುತ್ಸಾಹ ಸಲ್ಲದು: ಅಪ್ಪಟ ಓಟದ ಪ್ಯಾಡು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯದು, ಕಿರುಚುತ್ತದೆ, ಡಿಸ್ಕನ್ನು ಸವೆಸುತ್ತದೆ, ಬೆಳಗಿನ ತಂಪಿನಲ್ಲಿ ಹೊಸೂರಿನ ಸಿಗ್ನಲಿನಲ್ಲಿ ನಿಲ್ಲಬೇಕಾದ ಕಾರಿಗೆ ಅದು ತಕ್ಕುದಲ್ಲ.

ಸಾಮಗ್ರಿಗಿಂತಲೂ ಮುಖ್ಯವಾದುದು ಚಾಲಕನ ಕಾಲು. ಶಿರಾಡಿ ಘಾಟಿಯನ್ನು ಇಳಿಯುವ ಲಾರಿ ಚಾಲಕನು ಕೆಳಗಿನ ಗೇರು ಹಾಕಿ ಬ್ರೇಕನ್ನು ಕಾಪಾಡಿಕೊಳ್ಳುತ್ತಾನೆ. ಪಥದಲ್ಲಿ ಇಂಜಿನ್ನಿನ ಆ ಸಹಾಯ ಅತ್ಯಲ್ಪ. ಅಂಜಿಕೆಯಿಂದ ಬಹಳ ಮುಂಚೆಯೇ ಪೆಡಲನ್ನು ಹಗುರವಾಗಿ ಒತ್ತಿ ದೀರ್ಘಕಾಲ ಎಳೆದುಕೊಂಡು ಹೋಗುವುದಕ್ಕಿಂತ, ನೇರವಾದ ಹಾದಿಯಲ್ಲಿ ದೃಢವಾಗಿ ಒತ್ತಿ ಬೇಗನೆ ಬಿಡುವುದು ಲೇಸು. ಡಿಸ್ಕಿಗೆ ಗಾಳಿಯಲ್ಲಿ ತಣಿಯುವ ಕಾಲ ಆಗ ಹೆಚ್ಚುತ್ತದೆ. ನಾಲ್ಕೈದು ಸುತ್ತು ರಭಸದಿಂದ ಹೋದ ಮೇಲೆ ಬ್ರೇಕನ್ನು ಆದಷ್ಟು ಮುಟ್ಟದೆ ಒಂದು ಸುತ್ತು ನಿಧಾನವಾಗಿ ಬರಬೇಕು. ನಿಂತ ಬಳಿಕ ಹ್ಯಾಂಡ್‌ಬ್ರೇಕು ಎಳೆಯಬಾರದು, ಪೆಡಲನ್ನು ತುಳಿದುಕೊಂಡೂ ಕೂಡಬಾರದು. ಕಾದ ಡಿಸ್ಕಿನ ಮೇಲೆ ಪ್ಯಾಡಿನ ಅಂಶ ಒಂದೇ ಕಡೆ ಅಂಟಿಕೊಂಡರೆ ಮುಂದೆ ಬ್ರೇಕು ಒತ್ತಿದಾಗಲೆಲ್ಲ ಸ್ಟೀರಿಂಗು ನಡುಗುವುದು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೊಂದು ಕಲ್ಲು ಕೊಟ್ಟರೆ ಸಾಕು.

ಮುಂದಿನ ಸಲ ಪಥಕ್ಕೆ ಹೊರಡುವ ಮಿತ್ರರು ಮೊದಲು ಆಯಿಲನ್ನು ಬದಲಿಸಲಿ, ಪ್ಯಾಡಿನ ದಪ್ಪವನ್ನು ನೋಡಿಸಲಿ. ಉಳಿದ ಹಣದಲ್ಲಿ, ಬೇಕೆನಿಸಿದರೆ, ಕ್ಯಾಲಿಪರಿಗೆ ಕೆಂಪು ಬಣ್ಣವನ್ನು ಬಳಿಸಿಕೊಳ್ಳಲಿ.